ಮನೆಯೊಳಗೇ ಇರಿ ಅಂದಾಗ ನಮ್ಮಂಥವರಿಗೆ ಏನಾಗುತ್ತದೆ

ಸಂಪಾದಕರೇ,

ಮುಂದಿನ ಮಹಾಸಾಂಕ್ರಾಮಿಕಕ್ಕೆ ಏನೇನು ಸಿದ್ಧತೆ ಬೇಕು ಅನ್ನುವ ಲೇಖನವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಹಾಸಿಗೆ, ಆಕ್ಸಿಜನ್, ಲಸಿಕೆ, ಮಾಸ್ಕ್ ದಾಸ್ತಾನು ಎಲ್ಲವೂ ಇತ್ತು. ಕೊನೆಗೆ, ಜನರ ಮಾನಸಿಕ ಆರೋಗ್ಯದ ಕಡೆಗೂ ಗಮನ ಕೊಡಬೇಕು ಅಂತ ಒಂದೇ ಒಂದು ಸಾಲು. ಬರೆದವರ ಮನಸ್ಸಿನಲ್ಲಿ ಇದ್ದದ್ದು ಮನೆಯಲ್ಲಿ ಕೂತು ಬೇಸರಗೊಂಡವರು, ಕೆಲಸ ಹೋಗಿ ಕಂಗಾಲಾದವರು. ಅವರ ಕಷ್ಟ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಆದರೆ ಸೈಕೋಸಿಸ್ ಬಂದು, ಅಂದರೆ ಇಲ್ಲದ್ದು ಕೇಳಿಸಿ, ಇಲ್ಲದ್ದನ್ನು ನಿಜವೆಂದು ನಂಬುವ ಸ್ಥಿತಿ ಬಂದು, ಅದರಿಂದ ಕಷ್ಟಪಟ್ಟು ಎದ್ದು ಓಡಾಡುತ್ತಿರುವವರು ಆ ಸಾಲಿನಲ್ಲಿ ಇರಲಿಲ್ಲ. ಅದಕ್ಕೇ ಈ ಪತ್ರ. ಉದ್ದವಾಗಿದೆ. ಜಾಗ ಸಾಲದಿದ್ದರೆ ಕತ್ತರಿ ಹಾಕಿ, ಮನೆ ಮತ್ತು ಮಾತ್ರೆಯ ಭಾಗ ಮಾತ್ರ ಬಿಡಬೇಡಿ.

ನನಗೆ ಸ್ಕಿಜೋಫ್ರೇನಿಯಾ ಇದೆ, ಇಂಥ ಸೈಕೋಸಿಸ್ ತರುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 300 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ, ಹಾಗಾಗಿ ನಾನೇನೂ ಅಪರೂಪದವಳಲ್ಲ. ಇಪ್ಪತ್ತರ ಆಚೀಚೆ ಶುರುವಾಯಿತು. ಪಕ್ಕದ ಕೋಣೆಯಲ್ಲಿ ಯಾರೋ ನನ್ನ ಬಗ್ಗೆ ಮಾತಾಡುವುದು ಕೇಳಿಸುತ್ತಿತ್ತು. ಹೋಗಿ ನೋಡಿದರೆ ಕೋಣೆ ಖಾಲಿ. ನನ್ನ ಫೋನ್ ನಾನು ಹೋದಲ್ಲೆಲ್ಲ ಯಾರಿಗೋ ವರದಿ ಕೊಡುತ್ತಿದೆ ಅಂತ ನನಗೆ ಖಚಿತವಾಗಿತ್ತು. ಎರಡು ಸಲ ಆಸ್ಪತ್ರೆ ಸೇರಿದೆ. ಆಮೇಲೆ ಕ್ಲೋಜಪಿನ್ ಅನ್ನುವ ಮಾತ್ರೆ ಹಿಡಿಯಿತು. ಈಗ ಎಷ್ಟೋ ವರ್ಷದಿಂದ ಚೆನ್ನಾಗಿದ್ದೇನೆ. ಗ್ರಂಥಾಲಯವೊಂದರಲ್ಲಿ ಅರ್ಧ ದಿನದ ಕೆಲಸ. ಓದುಗರು ವಾಪಸ್ ತಂದ ಪುಸ್ತಕಗಳನ್ನು ಅವುಗಳ ಜಾಗಕ್ಕೆ ಸೇರಿಸುತ್ತೇನೆ. ಧ್ವನಿಗಳು ಪೂರ್ತಿ ಹೋಗಿಲ್ಲ. ಬರುತ್ತವೆ, ಹೋಗುತ್ತವೆ. ನಾನು ಅವುಗಳ ಮಾತು ಕೇಳುವುದಿಲ್ಲ, ಅಷ್ಟೇ.

ಅವುಗಳನ್ನು ಗುರುತಿಸಲು ನನ್ನದೇ ಒಂದು ಉಪಾಯವಿತ್ತು. ಬಸ್ಸಿನಲ್ಲೋ ಸಾಲಿನಲ್ಲೋ ನಿಂತಿರುವಾಗ ಬೆನ್ನ ಹಿಂದೆ ಯಾರಾದರೂ ಏನಾದರೂ ಅಂದಂತೆ ಕೇಳಿಸಿದರೆ ತಿರುಗಿ ತುಟಿ ನೋಡುತ್ತಿದ್ದೆ. ತುಟಿ ಅಲ್ಲಾಡುತ್ತಿದ್ದರೆ ಅದು ಮಾತು. ಯಾರ ತುಟಿಯೂ ಅಲ್ಲಾಡದಿದ್ದರೆ ಅದು ನನ್ನ ಕಾಯಿಲೆ. ಒಂದು ಕ್ಷಣದ ಕೆಲಸ, ಯಾರಿಗೂ ಗೊತ್ತಾಗುತ್ತಿರಲಿಲ್ಲ. 2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡರು. ಹಾಕಿಕೊಳ್ಳಲೇ ಬೇಕಿತ್ತು, ನಾನೂ ಹಾಕಿಕೊಂಡೆ. ಆದರೆ ನನಗೆ ತುಟಿಗಳು ಕಾಣದಂತಾದವು. ಹಿಂದೆ ನಿಂತವರು "ಇವಳೇ" ಅಂದರೋ ಇಲ್ಲವೋ ತಿಳಿಯಲು ದಾರಿಯೇ ಉಳಿಯಲಿಲ್ಲ. ಕಾಣುವುದು ಬರೀ ಕಣ್ಣುಗಳು. ಬರೀ ಕಣ್ಣುಗಳು ನಮ್ಮನ್ನೇ ನೋಡುತ್ತಿರುವಂತೆ ಯಾರಿಗಾದರೂ ಅನ್ನಿಸುತ್ತದೆ. ನಮಗಂತೂ ಕೇಳುವುದೇ ಬೇಡ.

ಫೋನಿನ ಕತೆ ಇನ್ನೂ ಚೆನ್ನಾಗಿದೆ. ಫೋನ್ ನಿಮ್ಮ ಹಿಂದೆ ಬಿದ್ದಿಲ್ಲ, ಅದು ಕಾಯಿಲೆಯ ಮಾತು ಅಂತ ನನ್ನ ಮನೋವೈದ್ಯರು ವರ್ಷಗಟ್ಟಲೆ ತಾಳ್ಮೆಯಿಂದ ತಿಳಿಹೇಳಿದ್ದರು. ನಾನೂ ಕೊನೆಗೆ ಒಪ್ಪಿಕೊಂಡಿದ್ದೆ. ಅಷ್ಟರಲ್ಲಿ ಒಂದಾದ ಮೇಲೊಂದು ದೇಶ ಆ್ಯಪ್ ಬಿಟ್ಟಿತು. ನೀವು ಯಾರ ಹತ್ತಿರ ಹೋದಿರಿ ಅನ್ನುವುದನ್ನು ಫೋನ್ ಗುರುತಿಟ್ಟುಕೊಳ್ಳುತ್ತದೆ, ಸೋಂಕಿತರ ಪಕ್ಕ ಇದ್ದರೆ ಎಚ್ಚರಿಸುತ್ತದೆ ಅಂತ ಎಲ್ಲ ಕಡೆ ಪ್ರಚಾರ. ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ನಕ್ಕುಬಿಟ್ಟರು. ನಾನೂ ನಕ್ಕೆ. ಆದರೆ ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಮಲಗಿದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಚೇತರಿಕೆಯ ಬಹುಪಾಲು ಕೆಲಸ ಹೀಗಿರುತ್ತದೆ: ಒಂದು ಭಯ ಬಂದಾಗ, ಇದು ಎಲ್ಲರಿಗೂ ಇರುವ ಭಯವೋ ನನಗೊಬ್ಬಳಿಗೇ ಇರುವುದೋ ಅಂತ ಸುತ್ತಲಿನವರನ್ನು ನೋಡಿ ಅಳೆಯುವುದು. ಬಾಗಿಲ ಹಿಡಿಕೆಯಲ್ಲಿ ವಿಷವಿದೆ ಅನ್ನಿಸಿತೇ? ಬೇರೆಯವರು ನಿಶ್ಚಿಂತೆಯಿಂದ ಮುಟ್ಟುತ್ತಿದ್ದಾರೆ, ಹಾಗಾದರೆ ಇಲ್ಲ. ಸಾಂಕ್ರಾಮಿಕ ಬಂದ ಮೇಲೆ ಬೇರೆಯವರೂ ಹಿಡಿಕೆ ಮುಟ್ಟಲು ಹೆದರಿದರು. ಪಕ್ಕದವರ ಉಸಿರಿಗೆ ಹೆದರಿದರು. ಹೊರಗಿಂದ ತಂದದ್ದನ್ನೆಲ್ಲ ತೊಳೆದರು. ನಾನು ಹಿಡಿದುಕೊಂಡಿದ್ದ ಅಳತೆಗೋಲೇ ಓರೆಯಾಯಿತು. ಯಾವುದನ್ನು ನಂಬಬೇಕು, ಯಾವುದಕ್ಕೆ ಮಾತ್ರೆ ಹೆಚ್ಚಿಸಬೇಕು?

ನನ್ನ ಧ್ವನಿಗಳೂ ಟಿವಿ ನೋಡುತ್ತಿದ್ದವು ಅಂತ ಕಾಣುತ್ತದೆ, ಬೇಗ ಹೊಸ ಮಾತು ಕಲಿತವು. "ನೀನೇ ಹರಡಿದ್ದು" ಅನ್ನತೊಡಗಿದವು. ಪರದೆಯ ಮೂಲೆಯಲ್ಲಿ ಸತ್ತವರ ಸಂಖ್ಯೆ ಏರುತ್ತಲೇ ಇರುತ್ತಿತ್ತು. ಅದು ಏರಿದಾಗಲೆಲ್ಲ ನನಗೇ ಲೆಕ್ಕ ಒಪ್ಪಿಸುತ್ತಿದ್ದಾರೆ ಅನ್ನಿಸುತ್ತಿತ್ತು. ನನ್ನಂಥ ಕಾಯಿಲೆಯವರ ನಮ್ಮ ಗುಂಪಿನ ಇನ್ನೊಬ್ಬರಿಗೂ ಹೀಗೇ ಆಗಿತ್ತು ಅಂತ ಆಮೇಲೆ ಗೊತ್ತಾಯಿತು. ಮನೆಯಲ್ಲಿ ದಿನಕ್ಕೆ ಒಂದೇ ಸಲ, ಹತ್ತು ನಿಮಿಷ ಮಾತ್ರ ಸುದ್ದಿ ಅಂತ ನಿಯಮ ಮಾಡಿದ ಮೇಲೆ ಕಡಿಮೆಯಾಯಿತು. ಆ ನಿಯಮ ಮಾಡಿದ್ದು ಅಣ್ಣ. ಅದಕ್ಕೆ ಅವನಿಗೆ ನಾನು ಋಣಿ, ಈ ಪತ್ರದಲ್ಲಿ ಮುಂದೆ ಅವನನ್ನು ಸ್ವಲ್ಪ ಬೈಯುತ್ತೇನಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ಈಗ ಮನೆಯ ವಿಷಯ.

1950ರ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಅನ್ನುವ ಸಮಾಜಶಾಸ್ತ್ರಜ್ಞ ಒಂದು ವಿಚಿತ್ರ ಗಮನಿಸಿದರು. ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದವರಲ್ಲಿ ತಂದೆತಾಯಿ ಅಥವಾ ಹೆಂಡತಿಯ ಜೊತೆ ಇರಲು ಹೋದವರು, ಬಾಡಿಗೆ ಕೋಣೆಗೆ ಹೋದವರಿಗಿಂತ ಜಾಸ್ತಿ ಸಂಖ್ಯೆಯಲ್ಲಿ ವಾಪಸ್ ಬರುತ್ತಿದ್ದರು. ಪ್ರೀತಿ ಇರುವಲ್ಲಿಗೆ ಹೋದವರಿಗೇ ಕಾಯಿಲೆ ಮರುಕಳಿಸುವುದೇ? ಬ್ರೌನ್ ಮತ್ತು ಅವರ ಜೊತೆಗಾರರು ಮುಂದೆ ಹುಡುಕುತ್ತಾ ಹೋದರು. ಮನೆಯವರ ಟೀಕೆ, ಸಿಟ್ಟು ಮತ್ತು ಮಿತಿಮೀರಿದ ಕಾಳಜಿ, ಈ ಮೂರು ಇದ್ದ ಮನೆಗಳಲ್ಲಿ ಕಾಯಿಲೆ ಹೆಚ್ಚು ಮರಳುತ್ತಿತ್ತು. 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಇನ್ನೊಂದು ಅಂಶ ಎತ್ತಿ ತೋರಿಸಿದರು. ಅಂಥ ಮನೆಯವರ ಜೊತೆ ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಎದುರುಬದುರು ಇರುವವರು ಮತ್ತು ಕಡಿಮೆ ಹೊತ್ತು ಇರುವವರ ನಡುವೆ ದೊಡ್ಡ ವ್ಯತ್ಯಾಸ. ಹೆಚ್ಚು ಹೊತ್ತು ಜೊತೆಗಿದ್ದು ಮಾತ್ರೆಯನ್ನೂ ತೆಗೆದುಕೊಳ್ಳದವರಲ್ಲಿ 9 ತಿಂಗಳೊಳಗೆ ಶೇಕಡಾ 92ರಷ್ಟು ಮಂದಿಗೆ ಕಾಯಿಲೆ ಮರಳಿತ್ತು. ಅಂಥದ್ದೇ ಮನೆ, ಆದರೆ ಮಾತ್ರೆಯೂ ಇದೆ, ಜೊತೆಗಿರುವ ಹೊತ್ತೂ ಕಡಿಮೆ ಅಂದರೆ ಅದು ಶೇಕಡಾ 15ಕ್ಕೆ ಇಳಿದಿತ್ತು. ಸಣ್ಣ ಗುಂಪುಗಳ ಅಧ್ಯಯನ ನಿಜ. ಆದರೆ ಮನೆಯ ವಾತಾವರಣಕ್ಕೂ ಕಾಯಿಲೆಗೂ ನಂಟಿದೆ ಅನ್ನುವುದನ್ನು ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ನೋಡಿದ್ದಾರೆ.

ವಾರಕ್ಕೆ ಇರುವುದು 168 ಗಂಟೆ. ನಿದ್ದೆ ಕಳೆಯಿರಿ. ಲಾಕ್‌ಡೌನಿನಲ್ಲಿ ಉಳಿದ ಹೊತ್ತೆಲ್ಲ ಎದುರುಬದುರೇ.

ನನ್ನ ಅಮ್ಮ ಕೆಟ್ಟವಳಲ್ಲ. ನಾನು ಎದ್ದು ನಿಂತಿರುವುದೇ ಅವಳಿಂದ. ಆದರೆ ಅವಳು ಎರಡು ಸಲ ನನ್ನನ್ನು ಆಸ್ಪತ್ರೆಗೆ ಸೇರಿಸಿದವಳು. ಆ ಹೆದರಿಕೆ ಅವಳಿಗೆ ಹೋಗುವುದಿಲ್ಲ. ಗ್ರಂಥಾಲಯ ಮುಚ್ಚಿತು. ನಾನು ಇಡೀ ದಿನ ಮನೆಯಲ್ಲಿ. ಅಮ್ಮ ಕೋಣೆಯ ಬಾಗಿಲಿಗೆ ಬಂದು ನಿಲ್ಲುವಳು. ಒಳಗೆ ಬರುವುದಿಲ್ಲ, ಚೌಕಟ್ಟಿಗೆ ಒಂದು ಕೈ ಊರಿ ನಿಲ್ಲುವುದು. "ಮಾತ್ರೆ ತಗೊಂಡ್ಯೇನೇ?" ಹ್ಞೂಂ. ಸ್ವಲ್ಪ ಹೊತ್ತಿಗೆ ಮತ್ತೆ. "ಯಾಕೆ ಒಬ್ಬಳೇ ನಗ್ತಿದೀಯ?" ಪುಸ್ತಕ ಓದ್ತಿದೀನಮ್ಮ. "ರಾತ್ರಿ ಲೈಟ್ ಉರೀತಿತ್ತಲ್ಲ?" ಅಣ್ಣ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಮೀಟಿಂಗ್ ನಡುವೆ ನಾನು ಓಡಾಡಿದರೆ ಸಿಡುಕುವನು. "ಒಂದು ಕಡೆ ಕೂತ್ಕೊಳೋಕಾಗಲ್ವಾ ನಿಂಗೆ?" ಆಗಲ್ಲ. ನನ್ನ ಮಾತ್ರೆಗಳಲ್ಲಿ ಕೆಲವಕ್ಕೆ ಕಾಲು ಸುಮ್ನಿರಲು ಬಿಡದ ಗುಣವಿತ್ತು, ಆ ಅಭ್ಯಾಸ ಇನ್ನೂ ಕಾಲಲ್ಲಿ ಇದೆ. ಮೊದಲೂ ಇವರು ಹೀಗೇ ಮಾತಾಡುತ್ತಿದ್ದರು. ಆದರೆ ಮೊದಲು ನನಗೆ ಗ್ರಂಥಾಲಯವಿತ್ತು. ಅಲ್ಲಿ ಯಾರೂ ನನ್ನ ಮುಖ ನೋಡಿ ಇವತ್ತು ಹೇಗಿದ್ದಾಳೆ ಅಂತ ಅಂದಾಜು ಮಾಡುವುದಿಲ್ಲ. ಪುಸ್ತಕದ ಬೆನ್ನಿನ ಮೇಲೆ ಸಂಖ್ಯೆ ಇರುತ್ತದೆ, ಅದನ್ನು ಅದರ ಜಾಗದಲ್ಲಿ ಇಡಬೇಕು, ಮುಗಿಯಿತು. ಮನೆಗೆ ಬರುವಷ್ಟರಲ್ಲಿ ಅಮ್ಮನಿಗೂ ಸ್ವಲ್ಪ ಆರಾಮಾಗಿರುತ್ತಿತ್ತು. ನನಗೆ ಅವಳಿಂದ ಎಷ್ಟು ಬಿಡುವು ಬೇಕೋ ಅವಳಿಗೂ ನನ್ನಿಂದ ಅಷ್ಟೇ ಬೇಕು. ಇದನ್ನು ಯಾರೂ ಹೇಳುವುದಿಲ್ಲ.

ಅಂದಹಾಗೆ, ನಮ್ಮಲ್ಲಿ ಕೆಲವರಿಗೆ ಲಾಕ್‌ಡೌನ್ ಹಿತವಾಗಿತ್ತು. ಜನರನ್ನು ಎದುರಿಸಬೇಕಿಲ್ಲ, ಯಾಕೆ ಹೊರಗೆ ಬರಲ್ಲ ಅಂತ ಯಾರೂ ಕೇಳಲ್ಲ. ಎಲ್ಲರೂ ನಮ್ಮ ಹಾಗೇ ಆದರಲ್ಲ ಅಂತ ಮೊದಮೊದಲು ನನಗೂ ಒಳಗೊಳಗೇ ಖುಷಿಯಾಗಿತ್ತು. ಆದರೆ ಹೊರಗೆ ಹೋಗುವ ಅಭ್ಯಾಸ ಒಮ್ಮೆ ತಪ್ಪಿದರೆ ಮತ್ತೆ ಶುರುಮಾಡುವುದು ನಮಗೆ ತುಂಬಾ ಕಷ್ಟ. ಗ್ರಂಥಾಲಯ ಮತ್ತೆ ತೆರೆದ ದಿನ ಗೇಟಿನವರೆಗೆ ಹೋಗಿ ವಾಪಸ್ ಬಂದೆ.

ಮಾತ್ರೆಯ ಕಷ್ಟ ಬೇರೆ ತರಹದ್ದು. ಕ್ಲೋಜಪಿನ್ ಬೇರೆ ಔಷಧಿಗಳಿಗೆ ಬಗ್ಗದ ಕಾಯಿಲೆಗೆ ಕೊಡುವ ಮಾತ್ರೆ. ಅದು ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. 1975ರಲ್ಲಿ ಫಿನ್ಲೆಂಡಿನಲ್ಲಿ ಹೀಗೆ ಸಾವುಗಳಾದ ಮೇಲೆ ಹಲವು ದೇಶಗಳಲ್ಲಿ ಅದನ್ನು ಹಿಂತೆಗೆದುಕೊಂಡಿದ್ದರು, ರಕ್ತಪರೀಕ್ಷೆಯ ಷರತ್ತಿನ ಮೇಲೆ ಮತ್ತೆ ಬಂತು. ಶುರುವಿನಲ್ಲಿ ವಾರಕ್ಕೊಮ್ಮೆ, ವರ್ಷ ಕಳೆದ ಮೇಲೆ ತಿಂಗಳಿಗೊಮ್ಮೆ ಪರೀಕ್ಷೆ, ಇದು ಆಗ ಸಾಮಾನ್ಯ ಪದ್ಧತಿಯಾಗಿತ್ತು. ಈಗ ಸಾಂಕ್ರಾಮಿಕದ ಹೊತ್ತಿಗೆ ಬನ್ನಿ. ನಾನು ಹೋಗುತ್ತಿದ್ದ ಆಸ್ಪತ್ರೆಯ ಹೊರರೋಗಿ ವಿಭಾಗ ಬಂದ್. ಲ್ಯಾಬಿನಲ್ಲಿ ಜ್ವರದವರಿಗೆ ಮಾತ್ರ ಪರೀಕ್ಷೆ ಅಂದರು. ರಿಪೋರ್ಟ್ ಇಲ್ಲದೆ ಚೀಟಿ ಬರೆಯಲ್ಲ ಅಂತ ಹೊಸದಾಗಿ ಬಂದಿದ್ದ ಡಾಕ್ಟರು. ಚೀಟಿ ಇಲ್ಲದೆ ಮಾತ್ರೆ ಕೊಡಲ್ಲ ಅಂತ ಔಷಧಿ ಅಂಗಡಿ. ಮೂವರದೂ ನಿಯಮದ ಪ್ರಕಾರವೇ. ನನ್ನ ಡಬ್ಬಿಯಲ್ಲಿ ಮಾತ್ರೆ ಕಡಿಮೆಯಾಗುತ್ತಿತ್ತು.

ಈ ಮಾತ್ರೆಯನ್ನು ಎರಡು ದಿನಕ್ಕಿಂತ ಜಾಸ್ತಿ ಬಿಟ್ಟರೆ, ಬಿಟ್ಟಲ್ಲಿಂದಲೇ ಮತ್ತೆ ಹಿಡಿಯುವಂತಿಲ್ಲ ಅನ್ನುವುದು ಎಷ್ಟು ಜನಕ್ಕೆ ಗೊತ್ತು? 48 ಗಂಟೆ ದಾಟಿದರೆ ಮತ್ತೆ 12.5 ಮಿಲಿಗ್ರಾಂನಿಂದ ಶುರುಮಾಡಿ ಮೆಲ್ಲಗೆ ಏರಿಸಬೇಕು. ಇಲ್ಲದಿದ್ದರೆ ರಕ್ತದೊತ್ತಡ ಕುಸಿಯಬಹುದು, ಫಿಟ್ಸ್ ಬರಬಹುದು. ನೂರಾರು ಮಿಲಿಗ್ರಾಂ ತೆಗೆದುಕೊಳ್ಳುವವರಿಗೆ ಅದು ವಾರಗಟ್ಟಲೆ ಬರಿಗೈಯಲ್ಲಿ ಇದ್ದ ಹಾಗೆ. ಬೇರೆ ಮಾತ್ರೆಗಳನ್ನೂ ನಿಲ್ಲಿಸುವುದು ಆಟವಲ್ಲ. ಮೊದಲ ಸಲ ಸೈಕೋಸಿಸ್ ಬಂದು ಚೇತರಿಸಿಕೊಂಡವರನ್ನು ಗಮನಿಸಿ 1999ರಲ್ಲಿ ಅಮೆರಿಕದ ಅಧ್ಯಯನವೊಂದು ಪ್ರಕಟವಾಯಿತು. ಔಷಧಿ ಬಿಟ್ಟವರಿಗೆ ಕಾಯಿಲೆ ಮರಳುವ ಸಾಧ್ಯತೆ ಸುಮಾರು 5 ಪಟ್ಟು ಅಂತ ಅದರಲ್ಲಿ ಬಂತು. ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುವವರ ಪಾಡಂತೂ ಇನ್ನೂ ಕಷ್ಟ. ಅದನ್ನು ಫೋನಿನಲ್ಲಿ ಚುಚ್ಚಲು ಆಗುವುದಿಲ್ಲವಲ್ಲ.

ಪರಿಹಾರ ಇಲ್ಲದ್ದೇನೂ ಅಲ್ಲ. 2020ರಲ್ಲೇ ಹಲವು ದೇಶಗಳ ತಜ್ಞರು ಸೇರಿ ಒಂದು ಹೇಳಿಕೆ ಪ್ರಕಟಿಸಿದರು. ಕ್ಲೋಜಪಿನ್ ಒಂದು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡಿದ್ದು, ರಕ್ತಕಣ ಯಾವತ್ತೂ ಇಳಿಯದವರಿಗೆ ಪರೀಕ್ಷೆಯನ್ನು 3 ತಿಂಗಳಿಗೊಮ್ಮೆ ಮಾಡಿದರೂ ಆದೀತು, ಅಷ್ಟು ದಿನದ ಮಾತ್ರೆಯನ್ನು ಒಟ್ಟಿಗೆ ಕೊಡಿ ಅಂತ ಅದರಲ್ಲಿತ್ತು. ನನಗೆ ಸರಿಯಾಗಿ ಹೊಂದುವ ಮಾತು. ನನ್ನ ಹಳೆಯ ಡಾಕ್ಟರನ್ನು ಫೋನಿನಲ್ಲಿ ಹಿಡಿದಾಗ ಅವರು ಅದರ ಆಧಾರದ ಮೇಲೇ ಚೀಟಿ ಕೊಟ್ಟರು. ಅವರ ನಂಬರ್ ನನ್ನ ಬಳಿ ಇತ್ತು. ಇಲ್ಲದವರು ಏನು ಮಾಡಿದರೋ.

ಅದೇ ಹೇಳಿಕೆಯಲ್ಲಿ ಇನ್ನೊಂದು ಎಚ್ಚರಿಕೆಯಿತ್ತು. ಈ ಮಾತ್ರೆಯವರಿಗೆ ಜ್ವರ ಬಂದರೆ ತಡಮಾಡದೆ ಡಾಕ್ಟರು ನೋಡಬೇಕು, ರಕ್ತವನ್ನೂ ಪರೀಕ್ಷಿಸಬೇಕು. ಸೋಂಕು ತಗುಲಿದಾಗ ದೇಹ ಈ ಔಷಧಿಯನ್ನು ಕರಗಿಸುವುದು ನಿಧಾನವಾಗುತ್ತದೆ, ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಸಿಗರೇಟಿನ ವಿಷಯ ಇದಕ್ಕಿಂತ ವಿಚಿತ್ರ. ಅದರ ಹೊಗೆ ಲಿವರಿನಲ್ಲಿ ಈ ಮಾತ್ರೆಯನ್ನು ಬೇಗ ಕರಗಿಸುವಂತೆ ಮಾಡುತ್ತದೆ. ಹಾಗಾಗಿ ದಿನವೂ ಸೇದುವವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಅದೇ ಡೋಸ್ ಅತಿಯಾಗುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರಿದ್ದರು, ಬೆಳಗ್ಗೆಯಿಂದ ರಾತ್ರಿವರೆಗೂ ಸೇದುವವರು. ಲಾಕ್‌ಡೌನಿನಲ್ಲಿ ಸಿಗರೇಟು ಸಿಗಲಿಲ್ಲ. ಮನೆಯವರಿಗೆ ಹಿಡಿಸಲಾರದ ಸಂತೋಷ. ಕೆಲವೇ ದಿನದಲ್ಲಿ ಆ ಮನುಷ್ಯ ಕೂತಲ್ಲೇ ತೂಗತೊಡಗಿದರು, ಬಾಯಿಂದ ಜೊಲ್ಲು, ಮಾತು ತೊದಲು. ಕಾಯಿಲೆ ಮರಳಿತು ಅಂತ ಡೋಸ್ ಹೆಚ್ಚಿಸಲು ಹೊರಟಿದ್ದರಂತೆ. ಪುಣ್ಯಕ್ಕೆ ಯಾರೋ ನರ್ಸ್, "ಸಿಗರೇಟು ಬಿಟ್ಟಿದ್ದಾರಾ?" ಅಂತ ಕೇಳಿದರು.

ದೇಹದ ಮೇಲಿನ ಅಪಾಯವನ್ನೂ ಕಡೆಗಣಿಸಿದ್ದರು. 2021ರ ಜನವರಿಯಲ್ಲಿ ನ್ಯೂಯಾರ್ಕಿನ ಸಂಶೋಧಕರು 7,348 ಕೋವಿಡ್ ರೋಗಿಗಳ ದಾಖಲೆ ನೋಡಿ ಬರೆದರು: ಸಾವಿನ ಅಪಾಯದಲ್ಲಿ ವಯಸ್ಸನ್ನು ಬಿಟ್ಟರೆ ಎರಡನೆಯ ಸ್ಥಾನ ಸ್ಕಿಜೋಫ್ರೇನಿಯಾದ್ದು, ಸುಮಾರು 2.7 ಪಟ್ಟು. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಸಿಗರೇಟು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ. ಬ್ರಿಟನ್ ತನ್ನ ಲಸಿಕೆ ಸರದಿಯಲ್ಲಿ ತೀವ್ರ ಮಾನಸಿಕ ಕಾಯಿಲೆಯವರಿಗೆ ಆದ್ಯತೆ ಕೊಟ್ಟಿತು. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ಅಪಾಯದ ಪಟ್ಟಿಗೆ ಸ್ಕಿಜೋಫ್ರೇನಿಯಾ ಸೇರಿಸಿದ್ದು 2021ರ ಅಕ್ಟೋಬರಿನಲ್ಲಿ, ಅಷ್ಟರಲ್ಲಿ ಎರಡು ಅಲೆ ದಾಟಿತ್ತು. ನಾನು ಲಸಿಕೆ ಕೇಂದ್ರದಲ್ಲಿ ನನ್ನ ಕಾಯಿಲೆ ಹೇಳಿದಾಗ, "ಅದು ತಲೆದಲ್ವಾ, ಅದಕ್ಕೂ ಇದಕ್ಕೂ ಏನು ಸಂಬಂಧ" ಅಂದರು. ಹಿಂದೆ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು, ಅದಂತೂ ನಿಜವಾಗಿ ಸರಿದರು.

ಸಾಂಕ್ರಾಮಿಕಕ್ಕೂ ಸೈಕೋಸಿಸ್‌ಗೂ ಇರುವ ನಂಟು ಹೊಸದೂ ಅಲ್ಲ. 1918ರ ಇನ್‌ಫ್ಲುಯೆಂಜಾ ಬಂದಾಗ ಬಾಸ್ಟನ್ನಿನ ಆಸ್ಪತ್ರೆಯಲ್ಲಿದ್ದ ಕಾರ್ಲ್ ಮೆನಿಂಜರ್ ಅನ್ನುವ ಯುವ ವೈದ್ಯ, ಜ್ವರದ ಬೆನ್ನಿಗೇ ಮಾನಸಿಕ ಕಾಯಿಲೆ ಕಂಡ 100 ಮಂದಿಯ ಬಗ್ಗೆ 1919ರಲ್ಲಿ ಬರೆದಿದ್ದರು. ಅವರಲ್ಲಿ ಎಷ್ಟೋ ಜನ ಚೇತರಿಸಿಕೊಂಡರು ಅನ್ನುವುದನ್ನೂ ಆಮೇಲೆ ದಾಖಲಿಸಿದರು. ನೂರು ವರ್ಷ ಹಿಂದೆಯೇ ಗೊತ್ತಿದ್ದ ಸಂಗತಿ, ಇವತ್ತಿನ ಯೋಜನೆಯಲ್ಲಿ ಒಂದು ಸಾಲು.

ಫೋನಿನಲ್ಲಿ, ವಿಡಿಯೋದಲ್ಲಿ ಡಾಕ್ಟರನ್ನು ನೋಡುವುದು ಒಳ್ಳೆಯದೇ. ಆದರೆ ಮನೆಯಲ್ಲಿ ಅಮ್ಮ ಪಕ್ಕದಲ್ಲೇ ಕೂತಿರುವಾಗ, "ಮನೆಯಲ್ಲಿ ಹೇಗಿದೆ?" ಅಂದರೆ ಚೆನ್ನಾಗಿದೆ ಅನ್ನದೆ ಇನ್ನೇನು ಹೇಳಲಿ? ನನ್ನ ಡಾಕ್ಟರು ಇದನ್ನು ಬೇಗ ಗ್ರಹಿಸಿದರು. ವಿಡಿಯೋ ಬೇಡ ಅಂದರು, ಕ್ಯಾಮೆರಾ ನನಗೆ ಹಿತವಿಲ್ಲ ಅಂತ ಅವರಿಗೆ ಗೊತ್ತು. "ನಾನು ಕೇಳ್ತೀನಿ, ನೀವು ಹೌದು, ಇಲ್ಲ ಅಂತಷ್ಟೇ ಹೇಳಿ" ಅಂದರು. ಧ್ವನಿ ಜಾಸ್ತಿಯಾಗಿದೆಯಾ? ಹೌದು. ಸಾಯಬೇಕು ಅನ್ನಿಸುತ್ತಾ? ಇಲ್ಲ. ಅಮ್ಮನ ಜೊತೆ ಜಗಳ ಆಗ್ತಿದೆಯಾ? ಹೌದು. ದಿನಾ ಸ್ವಲ್ಪ ಹೊತ್ತು ಹೊರಗೆ ನಡೆಯಲು ಜಾಗ ಇದೆಯಾ? ಇಲ್ಲ.

ಆ ಕೊನೆಯ ಉತ್ತರ ಬದಲಾಗಬೇಕಿತ್ತು, ನಾನು ಕೇಳುತ್ತಿರುವುದು ಅದನ್ನೇ. ನಮಗೆ ದಿನಕ್ಕೆ ಒಂದೆರಡು ಗಂಟೆ ಮನೆಯಿಂದ ಹೊರಗೆ ಇರುವುದು ಮೋಜಲ್ಲ, ಚಿಕಿತ್ಸೆ. ಡಾಕ್ಟರು ಅದನ್ನು ಚೀಟಿಯಲ್ಲಿ ಬರೆಯುವಂತಿರಬೇಕು, ಪೊಲೀಸರು ಆ ಚೀಟಿಗೆ ಬೆಲೆ ಕೊಡಬೇಕು. ಅಸಾಧ್ಯವೇನಲ್ಲ. 2020ರ ಏಪ್ರಿಲ್‌ನಲ್ಲೇ ಇಂಗ್ಲೆಂಡಿನಲ್ಲಿ ಆಟಿಸಂನಂಥ ತೊಂದರೆ ಇರುವವರು ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೊರಗೆ ಹೋಗಬಹುದು ಅಂತ ನಿಯಮ ಸಡಿಲಿಸಿದ್ದರು. ನಮ್ಮಂಥವರು ಹಗಲು ಹೊತ್ತು ಹೋಗಿ ಇರುವ ಡೇ ಕೇರ್ ಸೆಂಟರುಗಳನ್ನು ಸಿನಿಮಾ ಮಂದಿರದ ಜೊತೆ ಸೇರಿಸಿ ಮುಚ್ಚಬೇಡಿ. ಐದೈದು ಜನರಂತೆ, ಕಿಟಕಿ ತೆರೆದಿಟ್ಟು, ಅಂಗಳದಲ್ಲಾದರೂ ನಡೆಸಲಿ. ರಕ್ತಪರೀಕ್ಷೆಗೆ ಮತ್ತು ಇಂಜೆಕ್ಷನ್‌ಗೆ ಜ್ವರದವರಿಲ್ಲದ ಬೇರೆ ಬಾಗಿಲಿರಲಿ. ಮಾತ್ರೆ ಕೊಡುವ ನಿಯಮವನ್ನು ಈಗಲೇ, ಸುಮ್ನೆ ಕೂತಿರುವ ಕಾಲದಲ್ಲೇ, ಬರೆದಿಡಲಿ. ನಿಮ್ಮ ಪತ್ರಿಕೆಗೂ ಒಂದು ಬೇಡಿಕೆ: ಸತ್ತವರ ಸಂಖ್ಯೆಯನ್ನು ಹಾಕಿ, ಬೇಡ ಅನ್ನಲ್ಲ, ಆದರೆ ಮೊದಲ ಪುಟದಲ್ಲಿ ದಿನವೂ ಅಂಗೈಯಗಲದ ಅಕ್ಷರದಲ್ಲಿ ಬೇಡ.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಮುಗಿಯಿತು ಅಂತ ಘೋಷಿಸಿದ್ದು 2023ರ ಮೇ 5ರಂದು. ಮುಂದಿನದಕ್ಕೆ ಸಮಿತಿಗಳು ಕೂತಿವೆ ಅಂತ ನಿಮ್ಮ ಲೇಖನದಲ್ಲೇ ಇತ್ತು. ವೈದ್ಯರು, ಅಧಿಕಾರಿಗಳು, ಅಂಕಿಅಂಶದವರು ಇರುತ್ತಾರೆ. ನಮ್ಮಲ್ಲೊಬ್ಬರೂ ಇರಲಿ. ಕರೆದರೆ ನಾನೇ ಬರುತ್ತೇನೆ. ಸಭೆ ಮಾತ್ರ ಬೆಳಗ್ಗೆ ಹತ್ತಕ್ಕಿಂತ ಮುಂಚೆ ಬೇಡ, ಅಲ್ಲಿಯವರೆಗೆ ಮಾತ್ರೆಯ ಮಂಪರು ಬಿಟ್ಟಿರುವುದಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು
(ಕೆಲಸದ ಜಾಗದಲ್ಲಿ ಎಲ್ಲರಿಗೂ ಗೊತ್ತಿಲ್ಲ, ದಯವಿಟ್ಟು ಹೆಸರು ಹಾಕಬೇಡಿ)